ಕತ್ತರಿಗೆ ಸಿಕ್ಕ ಬೀದಿ ಬೆಕ್ಕು

ಬೆಳಿಗ್ಗೆ ಬೆಳಿಗ್ಗೆ ಒಂದು ರೀಲ್ಸ್ ನೋಡಿ ಕುಡಿದ ಕಾಫಿಯೆಲ್ಲ ಕಹಿಯಾಯಿತು. ತಮ್ಮನ್ನು ತಾವೇ ‘ವಿಂಟೇಜ್ ಸಂಗ್ರಾಹಕ’ ಎಂದು ಕರೆದುಕೊಳ್ಳುವ ಮಹನೀಯರೊಬ್ಬರು 1970ರ ಜಪಾನೀ ಸಿನಿಮಾ ಪೋಸ್ಟರೊಂದನ್ನು ಮೇಜಿನ ಮೇಲೆ ಹರಡಿದರು. ಉಕ್ಕಿನ ಸ್ಕೇಲ್ ಒತ್ತಿ ಹಿಡಿದು ಬ್ಲೇಡಿನಲ್ಲಿ ಅಂಚು ಕೊಯ್ದರು. ಫ್ರೇಮಿಗೆ ಕೂರಿಸಿದರು. ಹಿನ್ನೆಲೆಗೆ ಇಂಪಾದ ಪಿಯಾನೋ ಬೇರೆ. ಕೆಳಗೆ ಬರೆದದ್ದು ಹೀಗೆ: ‘ಜಪಾನಿನ ಸ್ಕೂಲ್ ಹುಡುಗಿಯರ ಸುಕೆಬಾನ್ ದಂಗೆ, ಅಪ್ಪಟ ಒರಿಜಿನಲ್’. ಅದಕ್ಕೆ ಸಾಲುಸಾಲು ಕೆಂಪು ಹೃದಯಗಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಆ ಪೋಸ್ಟರ್ ‘ನೊರಾನೆಕೊ ರೊಕ್ಕು’ ಸರಣಿಯ ಮೂರನೆಯ ಚಿತ್ರದ್ದು. ನೊರಾನೆಕೊ ಅಂದರೆ ಬೀದಿ ಬೆಕ್ಕು. ಅದರಲ್ಲಿ ಸ್ಕೂಲೂ ಇಲ್ಲ, ಯೂನಿಫಾರ್ಮೂ ಇಲ್ಲ. ಸುಕೆಬಾನ್, ಅಂದರೆ ಪುಂಡಿಯರ ಮುಖಂಡೆ, ಅನ್ನುವ ಪದ ಪೋಸ್ಟರಿನ ಶೀರ್ಷಿಕೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಇನ್ನು ‘ಒರಿಜಿನಲ್’ ಅನ್ನುವುದಕ್ಕೆ ಇದ್ದ ಸಾಕ್ಷಿಯನ್ನು ಪುಣ್ಯಾತ್ಮ ಅಲ್ಲೇ ಕ್ಯಾಮರಾ ಎದುರಿಗೇ ಕೊಯ್ದು ಬುಟ್ಟಿಗೆ ಹಾಕಿದ. ನನ್ನ ಸಿಟ್ಟು ಇರುವುದು ಈ ಅಂಚಿನ ವಿಚಾರಕ್ಕೇ. ಇವರೆಲ್ಲ ಮುಖ ನೋಡಿ ಕೊಳ್ಳುತ್ತಾರೆ, ಅಕ್ಷರ ನೋಡುವುದೇ ಇಲ್ಲ. ಜಪಾನೀ ಪೋಸ್ಟರಿನಲ್ಲಿ ನಿಜ ಹೇಳುವ ಅಕ್ಷರವೆಲ್ಲ ಕೂತಿರುವುದು ಅಂಚಿನಲ್ಲೇ.

ಮೊದಲು ಆ ಬ್ಲೇಡಿನ ಲೆಕ್ಕ ಮುಗಿಸೋಣ. ಜಪಾನಿನ ಸಿನಿಮಾ ಪೋಸ್ಟರ್ ಸಾಮಾನ್ಯವಾಗಿ ‘ಬಿ2’ ಅಳತೆಯದು. ಜಪಾನಿನ ಬಿ2 ಅಂದರೆ 515 × 728 ಮಿಲಿಮೀಟರ್. ಪ್ರಪಂಚದ ಉಳಿದ ಕಡೆ ನಡೆಯುವ ಐಎಸ್‌ಒ ಅಳತೆಯ ಬಿ2 ಅಂದರೆ 500 × 707. ಹೆಸರು ಒಂದೇ, ಅಳತೆ ಬೇರೆ. ಆನ್‌ಲೈನಿನಲ್ಲಿ ‘ಬಿ2 ಫ್ರೇಮ್’ ಅಂತ ತರಿಸಿದರೆ ಬರುವುದು ಬಹುಮಟ್ಟಿಗೆ ಎರಡನೆಯದು. ಅಗಲದಲ್ಲಿ 15, ಎತ್ತರದಲ್ಲಿ 21 ಮಿಲಿಮೀಟರ್ ಕಡಿಮೆ ಬೀಳುತ್ತದೆ. ಬುದ್ಧಿ ಇದ್ದವರು ಫ್ರೇಮ್ ವಾಪಸ್ ಮಾಡುತ್ತಾರೆ. ಇವರು ಪೋಸ್ಟರನ್ನೇ ಕೊಯ್ಯುತ್ತಾರೆ! ಕಾಲಿಗೆ ಚಪ್ಪಲಿ ಹಿಡಿಸಲಿಲ್ಲ ಅಂತ ಹೆಬ್ಬೆರಳು ಕತ್ತರಿಸಿಕೊಂಡ ಹಾಗೆ. ಫ್ರೇಮ್ ಮಾಡಿಸುವವರು ಅಂಗಡಿಯವನಿಗೆ ‘ಬಿ2’ ಅಂತ ಹೇಳಲೇಬೇಡಿ, ಮಿಲಿಮೀಟರ್ ಬರೆದುಕೊಡಿ. ಒಳ ಅಳತೆ ಸುತ್ತಲೂ 2–3 ಮಿಲಿಮೀಟರ್ ಸಡಿಲ ಇರಲಿ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ನಡುವೆ ಅಲೆ ಏಳುತ್ತದೆ.

ಹಾಗಾದರೆ ಆ ಕೊಯ್ದ ಪಟ್ಟಿಯಲ್ಲಿ ಇದ್ದದ್ದೇನು? ಇದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ನನ್ನ ಫ್ರೆಂಡ್ ಲಿಸ್ಟಿನಲ್ಲಿರುವ ಅರ್ಧ ಜನಕ್ಕೆ ಗೊತ್ತಿರುವ ವಿಷಯವೇ. ಉಳಿದರ್ಧ ಸಹಿಸಿಕೊಳ್ಳಿ.

ಜಪಾನೀ ತೆರೆಯ ಮೇಲಿನ ಹದಿಹರೆಯದ ಪುಂಡಾಟ ಅನ್ನುವುದು ಒಂದೇ ವಸ್ತುವಲ್ಲ. ಮೂರು ಬೇರೆ ಬೇರೆ ಕಾಲದ, ಬೇರೆ ಬೇರೆ ಕಂಪನಿಗಳ ಸರಕು. ಮೊದಲನೆಯದು 1956ರದು. ಹಿತೋತ್ಸುಬಾಶಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಶಿಂತಾರೋ ಇಶಿಹಾರಾ ಬರೆದ ‘ತಾಯೋ ನೊ ಕಿಸೆತ್ಸು’, ಅಂದರೆ ಸೂರ್ಯನ ಋತು, ಅಕುತಾಗಾವಾ ಸಾಹಿತ್ಯ ಪ್ರಶಸ್ತಿ ಗೆದ್ದಿತು. 1954ರಲ್ಲಷ್ಟೇ ಚಿತ್ರ ನಿರ್ಮಾಣಕ್ಕೆ ಮರಳಿದ್ದ ನಿಕ್ಕಾಟ್ಸು ಕಂಪನಿ ಅದನ್ನು ಬಾಚಿಕೊಂಡು ಮೇ ತಿಂಗಳಲ್ಲಿ ಸಿನಿಮಾ ಮಾಡಿ ಬಿಟ್ಟಿತು. ಜೂನಿನಲ್ಲಿ ದಾಯೇ ಕಂಪನಿಗೆ ಕೊನ್ ಇಚಿಕಾವಾ ‘ಶೊಕೆ ನೊ ಹೆಯಾ’ ಮಾಡಿದರು. ಜುಲೈನಲ್ಲಿ ಮತ್ತೆ ನಿಕ್ಕಾಟ್ಸುವಿನಿಂದಲೇ ಕೋ ನಾಕಾಹಿರಾ ಅವರ ‘ಕುರುತ್ತಾ ಕಾಜಿತ್ಸು’ ಬಂತು. ಈ ಪುಂಡರು ಯಾರು? ಶೋನಾನ್ ಕಡಲ ತೀರದಲ್ಲಿ ದೋಣಿ ಓಡಿಸುತ್ತಾ, ಹವಾಯಿಯನ್ ಶರ್ಟು ತೊಟ್ಟು, ಅಪ್ಪನ ದುಡ್ಡಲ್ಲಿ ಬೇಸರ ಕಳೆಯುವ ಸಿರಿವಂತರ ಮಕ್ಕಳು. ಇವರಿಗೆ ‘ತಾಯೋಝೊಕು’, ಸೂರ್ಯನ ಕುಲದವರು ಅಂತ ಹೆಸರು ಬಿತ್ತು. ತಾಯಂದಿರ ಸಂಘಗಳು, ಪೋಷಕರ ಸಂಘಗಳು ಬೀದಿಗಿಳಿದವು. ಗಲಾಟೆಯ ಬಿಸಿ ಎಷ್ಟಿತ್ತೆಂದರೆ ಚಿತ್ರೋದ್ಯಮದ ಸ್ವಂತ ಸೆನ್ಸಾರ್ ಸಂಸ್ಥೆಯಾಗಿದ್ದ ಏರಿನ್ ಅನ್ನು ಅದೇ ವರ್ಷದ ಕೊನೆಗೆ ಹೊರಗಿನವರನ್ನು ಸೇರಿಸಿ ಹೊಸದಾಗಿ ಕಟ್ಟಬೇಕಾಯಿತು.

ಆ ಕಥೆ ಬರೆದ ಮಹಾಶಯರು ಮುಂದೆ ಏನಾದರು ಅಂತ ಗೊತ್ತಲ್ಲ? 1999ರಿಂದ 2012ರವರೆಗೆ ಟೋಕಿಯೊದ ಗವರ್ನರ್. 2010ರಲ್ಲಿ ಅವರದೇ ಆಡಳಿತ ಹದಿಹರೆಯದವರ ‘ಆರೋಗ್ಯಕರ ಬೆಳವಣಿಗೆ’ಗಾಗಿ ಮಾಂಗಾ ಅನ್ನುವ ಚಿತ್ರಕಥೆ ಪುಸ್ತಕಗಳ ಮೇಲೆ ಕಟ್ಟುಪಾಡು ಬಿಗಿಗೊಳಿಸಿತು. ದಂಗೆಯ ಪೋಸ್ಟರ್ ಗೋಡೆಗೆ ಹಾಕುವಾಗ ಇದೂ ಒಂಚೂರು ನೆನಪಿರಲಿ.

ಎರಡನೆಯದು 1960ರ ಆಸುಪಾಸಿನದು. ಶೋಚಿಕು ಕಂಪನಿಯೊಳಗಿಂದ ನಾಗಿಸಾ ಓಶಿಮಾ ‘ಸೇಶುನ್ ಝಾಂಕೊಕು ಮೊನೊಗಾತಾರಿ’ ತಂದರು. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ಟೋಕಿಯೊ ಬೀದಿಗಳು ಕುದಿಯುತ್ತಿದ್ದ ವರ್ಷ ಅದು, ಚಿತ್ರದೊಳಗೂ ಆ ಮೆರವಣಿಗೆ ಹಾದುಹೋಗುತ್ತದೆ. ಇತ್ತ ನಿಕ್ಕಾಟ್ಸುವಿನಲ್ಲಿ ಕೊರೆಯೊಶಿ ಕುರಾಹಾರಾ ಜಾಝ್ ಹುಚ್ಚಿನ ಹುಡುಗನೊಬ್ಬನನ್ನು ಕ್ಯಾಮರಾ ಕುಣಿಯುವಂತೆ ಓಡಿಸಿದರು. 1966ರ ಸೇಜುನ್ ಸುಜುಕಿ ಅವರ ‘ಕೆಂಕಾ ಎರೆಜೀ’ಯನ್ನೂ ಕೆಲವರು ಇದೇ ಬುಟ್ಟಿಗೆ ಹಾಕುತ್ತಾರೆ. ಆದರೆ ಆ ಹುಡುಗನ ಹೊಡೆದಾಟ ನಡೆಯುವುದು 1930ರ ದಶಕದಲ್ಲಿ. ಕೊನೆಗೆ ಅವನು ಓಡುವುದು 1936ರ ಫೆಬ್ರವರಿ 26ರ ಸೇನಾ ದಂಗೆಯ ಕಡೆಗೆ. ಅದು ಪುಂಡಾಟ ಯುದ್ಧಕ್ಕೆ ಹೇಗೆ ಒಳದಾರಿಯಾಯಿತು ಅನ್ನುವ ಚಿತ್ರ. ‘ಕೂಲ್’ ಅಂತ ಅದರ ಪೋಸ್ಟರ್ ಕೆಳಗೆ ಬರೆಯುವವರಿಗೆ ದೊಡ್ಡ ನಮಸ್ಕಾರ.

ಮೂರನೆಯದೇ ಈಗಿನ ರಗಳೆಯ ಮೂಲ, 1970ರ ಹುಡುಗಿಯರು. ಇಲ್ಲಿ ಅಂಕಿ ನೋಡಿದರೇ ಕಾರಣ ತಿಳಿಯುತ್ತದೆ. 1958ರಲ್ಲಿ ಜಪಾನಿನಲ್ಲಿ ಮಾರಾಟವಾದ ಸಿನಿಮಾ ಟಿಕೆಟ್ ಸುಮಾರು 112 ಕೋಟಿ. 1970ಕ್ಕೆ ಅದು 25 ಕೋಟಿ ಚಿಲ್ಲರೆಗೆ ಇಳಿಯಿತು. 1960ರಲ್ಲಿ 7,457 ಇದ್ದ ಚಿತ್ರಮಂದಿರಗಳು 3,246 ಆದವು. ಮನೆಮನೆಗೆ ಟೀವಿ ಬಂದಿತ್ತು. ಟೀವಿಯಲ್ಲಿ ತೋರಿಸಲಾಗದ್ದನ್ನು ತೋರಿಸಿದರಷ್ಟೇ ಹುಡುಗರು ಥಿಯೇಟರಿಗೆ ಬರುತ್ತಾರೆ ಅನ್ನುವ ಲೆಕ್ಕ ಕಂಪನಿಗಳದ್ದು. ಗಾಯಕಿ ಅಕಿಕೊ ವಾದಾ ಅವರನ್ನು ಮುಂದಿಟ್ಟುಕೊಂಡು ನಿಕ್ಕಾಟ್ಸುವಿನ ಬೀದಿ ಬೆಕ್ಕು ಸರಣಿ 1970ರ ಮೇನಲ್ಲಿ ಶುರುವಾಯಿತು. ಎರಡನೆಯ ಚಿತ್ರದಿಂದ ಅದು ನಟಿ ಮೇಕೊ ಕಾಜಿ ಅವರದ್ದಾಯಿತು. 1971ರ ಜನವರಿಗೆಲ್ಲ ಐದು ಚಿತ್ರ ಮುಗಿದೇ ಹೋಗಿತ್ತು. ಒಂದು, ಮೂರು, ನಾಲ್ಕು ಯಾಸುಹಾರು ಹಾಸೆಬೆ ಅವರದ್ದು. ಎರಡು ಮತ್ತು ಐದು ತೊಶಿಯಾ ಫುಜಿತಾ ಅವರದ್ದು. ಒಂಬತ್ತು ತಿಂಗಳಿಗೆ ಐದು ಸಿನಿಮಾ! ಬಂಡಾಯವೂ ಕಂಪನಿಯ ವೇಳಾಪಟ್ಟಿಗೆ ತಕ್ಕಂತೆ ನಡೆಯುತ್ತಿತ್ತು.

ಕಥೆಯನ್ನಾದರೂ ಕೇಳಿ. ಆ ಮೂರನೆಯ ಚಿತ್ರ ನಡೆಯುವುದು ಅಮೆರಿಕನ್ ಸೇನಾ ನೆಲೆ ಇದ್ದ ತಾಚಿಕಾವಾದಲ್ಲಿ. ಅಲ್ಲಿನ ಗಂಡು ಗ್ಯಾಂಗೊಂದು ಮಿಶ್ರ ಜನಾಂಗದ ಹುಡುಗರನ್ನು ಊರು ಬಿಡಿಸಲು ಬೆನ್ನಟ್ಟುತ್ತದೆ. ಕಾಜಿಯ ಹುಡುಗಿಯರು ಅದಕ್ಕೆ ತಿರುಗಿ ನಿಲ್ಲುತ್ತಾರೆ. ನಾಲ್ಕನೆಯದರಲ್ಲಿ ವಿಯೆಟ್ನಾಂ ಯುದ್ಧ ಬಿಟ್ಟು ಓಡಿಬಂದ ಅಮೆರಿಕನ್ ಸೈನಿಕನನ್ನು ಸ್ವೀಡನ್ನಿಗೆ ದಾಟಿಸುವ ಪ್ರಯತ್ನ. ಇಂಥದ್ದನ್ನು ‘ಸ್ಕೂಲ್ ಹುಡುಗಿಯರ ದಂಗೆ’ ಅಂತ ಕರೆಯುವವರು ಸಿನಿಮಾದ ಒಂದು ನಿಮಿಷವನ್ನೂ ನೋಡಿರಲಾರರು.

ಸುಕೆಬಾನ್ ಎಲ್ಲಿಂದ ಬಂತು ಹಾಗಾದರೆ? ತೋಯೇ ಕಂಪನಿಯಿಂದ. ಈ ಸಣ್ಣ ವಿಷಯ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ‘ಹೆಣ್ಣು’ ಅನ್ನುವ ಒಂದು ಚಿತ್ರಾಕ್ಷರ, ಮುಂದೆ ಪುಂಡರ ಮುಖಂಡ ಅನ್ನುವ ಅರ್ಥದ ‘ಬಾನ್ಚೋ’ಗೆ ಎರಡು ಚಿತ್ರಾಕ್ಷರ. ಈ ಮೂರು ಅಕ್ಷರ ಬೀದಿ ಬೆಕ್ಕು ಸರಣಿಯ ಮೊದಲ ಚಿತ್ರದ ಹೆಸರಿನಲ್ಲೂ ಇವೆ. ಅಲ್ಲಿ ಓದುವುದು ‘ಒನ್ನಾ ಬಾನ್ಚೋ’ ಅಂತ. 1971ರಲ್ಲಿ ನೊರಿಫುಮಿ ಸುಜುಕಿ ತೋಯೇಗಾಗಿ ಶುರುಮಾಡಿದ ಸರಣಿಯಲ್ಲಿ ಅದೇ ಮೂರು ಅಕ್ಷರವನ್ನು ‘ಸುಕೆಬಾನ್’ ಅಂತ ಓದಬೇಕು. ಸುಕೆ ಅಂದರೆ ಪುಂಡರ ಬಾಯಲ್ಲಿ ಹೆಣ್ಣು. ರೇಕೊ ಇಕೆ, ಮಿಕಿ ಸುಗಿಮೊತೊ ಇದ್ದ ಚಿತ್ರಗಳು ಇವು. ಶಾಲೆಯೊಳಗೇ ನಡೆಯುವ ಹುಡುಗಿಯರ ಗ್ಯಾಂಗಿನ ಸರಣಿಯೂ ತೋಯೇಯದ್ದೇ, 1972–73ರದು. ಅಂದರೆ ನಿಕ್ಕಾಟ್ಸುವಿನ ಗುರುತು ಇರುವ ಪೋಸ್ಟರಿಗೆ ಸುಕೆಬಾನ್ ಅನ್ನುವುದು ಅಣ್ಣನ ಮದುವೆ ಆಲ್ಬಮಿಗೆ ತಮ್ಮನ ಹೆಸರು ಬರೆದ ಹಾಗೆ.

ಈಗ ಅಂಚಿಗೆ ಬರೋಣ. 1970ರ ಜೂನಿನಲ್ಲಿ ನಿಕ್ಕಾಟ್ಸು ಮತ್ತು ದಾಯೇ ಎರಡೂ ಸೋತು ಸುಣ್ಣವಾಗಿ, ವಿತರಣೆಗೆ ‘ದಾಯ್‌ನಿಚಿ ಏಹಾಯ್’ ಅನ್ನುವ ಜಂಟಿ ಸಂಸ್ಥೆ ಮಾಡಿಕೊಂಡವು. ಅದು ಬದುಕಿದ್ದು ಮುಂದಿನ ವರ್ಷದವರೆಗೆ ಮಾತ್ರ. ದಾಯೇ 1971ರ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ನಿಕ್ಕಾಟ್ಸು ಅದೇ ವರ್ಷದ ನವೆಂಬರಿನಲ್ಲಿ ‘ರೋಮನ್ ಪೊರ್ನೊ’ ಅನ್ನುವ ಕಾಮಪ್ರಧಾನ ಚಿತ್ರಗಳ ಕಡೆ ತಿರುಗಿತು. ಕಾಜಿ ತೋಯೇಗೆ ಹೊರಟುಹೋದರು. ಆದ್ದರಿಂದ ಮೇ ತಿಂಗಳ ಮೊದಲ ಬೀದಿ ಬೆಕ್ಕನ್ನು ಹಂಚಿದ್ದು ನಿಕ್ಕಾಟ್ಸು ತಾನೇ. ಎರಡನೆಯದರಿಂದ ಹಂಚಿಕೆ ದಾಯ್‌ನಿಚಿಯದು. ಆ ಹೆಸರು ಪೋಸ್ಟರಿನ ಅಂಚಿನ ಸಣ್ಣ ಅಕ್ಷರಗಳಲ್ಲಿ ಕಂಡರೆ ಕಾಗದ ಬಿಡುಗಡೆಯ ಕಾಲದ್ದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸುಳಿವು ಬೇಡ. ರೀಲ್ಸಿನಲ್ಲಿ ಬ್ಲೇಡು ಓಡಿದ್ದು ಸರಿಯಾಗಿ ಅದೇ ಅಂಚಿನ ಮೇಲೆ.

‘ಅಯ್ಯೋ, ಚಿತ್ರ ಚೆನ್ನಾಗಿದೆ, ಗೋಡೆಗೆ ಹಾಕ್ತೀವಿ, ನಿಮಗ್ಯಾಕೆ ಉರಿ?’ ಅಂತ ಈಗಲೇ ಯಾರೋ ಟೈಪ್ ಮಾಡುತ್ತಿರುತ್ತೀರಿ. ಒಪ್ಪಿದೆ. ಚಿತ್ರ ಚೆನ್ನಾಗಿದೆ. ಓರೆಯಾಗಿ ಎದ್ದ ಶೀರ್ಷಿಕೆ, ಕತ್ತರಿಸಿ ಅಂಟಿಸಿದ ಸ್ಟಿಲ್ಲುಗಳು, ಮೇಲಿಂದ ಕೆಳಕ್ಕೆ ಇಳಿಯುವ ಅಕ್ಷರಗಳು, ನೇರ ನಮ್ಮನ್ನೇ ದಿಟ್ಟಿಸುವ ಕಣ್ಣು. ಈ ಹುಚ್ಚು ನನಗೂ ಇದೆ. ಆದರೆ ಬರೀ ಚಂದಕ್ಕಾದರೆ ಮರುಮುದ್ರಣ ಸಿಗುತ್ತದೆ, ಅದನ್ನು ಮನಸಾರೆ ಕೊಯ್ಯಿರಿ, ಲ್ಯಾಮಿನೇಟ್ ಮಾಡಿಸಿ, ಬೇಕಾದರೆ ಮೀಸೆ ಬರೆಯಿರಿ. ಹಳೆಯ ಕಾಗದ ಹಾಗಲ್ಲ. ಇವು ಮಾರಾಟಕ್ಕೆ ಅಚ್ಚಾದವೇ ಅಲ್ಲ. ವಾರವಾರ ಎರಡೆರಡು ಚಿತ್ರ ಬದಲಾಗುವ ಥಿಯೇಟರುಗಳಿಗೆ ಹೋಗಿ, ಗೋಡೆಗೆ ಹತ್ತಿ, ಮುಂದಿನ ವಾರ ಕಸವಾಗಬೇಕಿದ್ದವು. ಉಳಿದದ್ದೇ ಕಮ್ಮಿ. ಅದರಲ್ಲೂ ಎರಡು ಬಿ2 ಹಾಳೆ ಮೇಲೆ ಕೆಳಗೆ ಸೇರಿ 515 × 1456 ಆಗುವ ‘ತಾತೆಕಾನ್’ ಪೋಸ್ಟರಿನಲ್ಲಿ ಒಂದು ಹಾಳೆ ಸಿಕ್ಕರೆ ಇನ್ನೊಂದು ಸಿಗುವುದಿಲ್ಲ.

ಕೊಳ್ಳುವವರು ಮುಖ ಬಿಟ್ಟು ಮೊದಲು ಏನು ಓದಬೇಕು ಅಂತ ಕೇಳಿದರೆ ಹೇಳುತ್ತೇನೆ. ಜಪಾನೀ ಬರದಿದ್ದರೂ ಅಂಕಿ ಓದಲು ಬರುತ್ತದಲ್ಲ, ಅಷ್ಟು ಸಾಕು. ಟೋಕಿಯೊದ ಫೋನ್ ನಂಬರ್ ಇದ್ದರೆ 03 ಆದ ಮೇಲೆ ಎಷ್ಟು ಅಂಕಿ ಅಂತ ಎಣಿಸಿ. ಏಳಿದ್ದರೆ 1991ಕ್ಕಿಂತ ಹಿಂದಿನದು. ಎಂಟಿದ್ದರೆ 1991ರ ಜನವರಿ 1ರ ನಂತರದ್ದು, ಮಾರುವವನು 1970 ಅಂತ ದೇವರ ಆಣೆ ಮಾಡಿದರೂ ಅಷ್ಟೇ. ಜಪಾನಿಗೆ ಪಿನ್‌ಕೋಡ್ ಬಂದದ್ದು 1968ರ ಜುಲೈನಲ್ಲಿ, ಆಗ ಮೂರು ಅಥವಾ ಐದು ಅಂಕಿ. ಏಳು ಅಂಕಿ ಕಂಡರೆ 1998ರ ಫೆಬ್ರವರಿ ನಂತರದ ಕಾಗದ. ಬೆಲೆಯ ಪಕ್ಕದಲ್ಲಿ ತೆರಿಗೆ ಸೇರಿದೆ, ಸೇರಿಲ್ಲ ಅನ್ನುವ ಮಾತಿದ್ದರೆ ಬಹುಮಟ್ಟಿಗೆ 1989ರ ಏಪ್ರಿಲ್ ನಂತರದ್ದು, ಮಾರಾಟ ತೆರಿಗೆ ಬಂದದ್ದೇ ಆಗ. ಅಸಲಿಗೆ ಪೋಸ್ಟರಿನಲ್ಲಿ ಸಾವಿರಗಟ್ಟಲೆ ಯೆನ್ ಬೆಲೆ ಯಾಕಿರುತ್ತದೆ ಹೇಳಿ? ಅದು ವಿಡಿಯೊ ಕ್ಯಾಸೆಟ್ಟಿನದೋ ಡಿವಿಡಿಯದೋ ಜಾಹೀರಾತು. ಅಳತೆ ಅದೇ ಬಿ2, ಮುಖ ಅದೇ ಕಾಜಿ. ‘ಸಿನಿಮಾ ಪೋಸ್ಟರ್’ ಅಂತ ಮಾರುತ್ತಾರೆ, ನಮ್ಮವರು ಕೊಳ್ಳುತ್ತಾರೆ. ಅಕ್ಷರ ಓದದವರಿಗೆ ಬೆಳ್ಳಗಿರುವುದೆಲ್ಲ ಹಾಲು. ‘ರಿಬೈಬರು’ ಅಂತ ಇದ್ದರೆ ಮರುಬಿಡುಗಡೆ, ಅದಕ್ಕೂ ಬೆಲೆ ಉಂಟು, ಆದರೆ ಬೇರೆ ಬೆಲೆ.

1956ರ ಚಿತ್ರಗಳಿಗೆ ಇನ್ನೊಂದು ಸುಳಿವು. ಜಪಾನೀ ಕಂಪನಿಗಳು ಅಗಲ ಪರದೆಯ ಚಿತ್ರ ಶುರುಮಾಡಿದ್ದು 1957ರಲ್ಲಿ, ತೋಯೇಸ್ಕೋಪಿನಿಂದ. ನಿಕ್ಕಾಟ್ಸುಸ್ಕೋಪ್ ಕೂಡ ಆ ವರ್ಷದ್ದೇ. ಸೂರ್ಯನ ಕುಲದ ಮೊದಲ ಚಿತ್ರಗಳೆಲ್ಲ ಮಾಮೂಲಿ ಪರದೆಯ ಕಪ್ಪು ಬಿಳುಪು. ಅವುಗಳ ಕಾಗದದ ಮೇಲೆ ಸ್ಕೋಪ್ ಗುರುತು ಕಂಡರೆ ಕೈ ಹಿಂದೆಗೆಯಿರಿ.

ಅಕ್ಷರ ಆದ ಮೇಲೆ ಕಾಗದ. ಹತ್ತುಪಟ್ಟಿನ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಇಟ್ಟು ಮುಖದ ಭಾಗ ನೋಡಿ. ಆಫ್‌ಸೆಟ್ ಯಂತ್ರದ ಅಚ್ಚಿನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಹೂವಿನ ಎಸಳಿನ ಹಾಗೆ ಸುತ್ತುವರಿದು ಕಾಣುತ್ತವೆ. ಇಂಕ್‌ಜೆಟ್ಟಿನಲ್ಲಿ ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ ದಿಕ್ಕಿಲ್ಲದೆ ಬಿದ್ದಿರುತ್ತವೆ. ಹಳೆಯದನ್ನು ಸ್ಕ್ಯಾನ್ ಮಾಡಿ ಮತ್ತೆ ಆಫ್‌ಸೆಟ್ಟಿನಲ್ಲೇ ಅಚ್ಚು ಹಾಕಿದರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಅಲೆಅಲೆಯಾದ ಕಲೆ ಏಳುತ್ತದೆ, ಸಣ್ಣ ಅಕ್ಷರಗಳ ಅಂಚು ಹಿಂಜಿದ ಹತ್ತಿಯಂತಾಗುತ್ತದೆ. ಆಮೇಲೆ ಕೋಣೆಯ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ನೆಲಕ್ಕೆ ಸಮನಾಗಿ ಹಿಡಿಯಿರಿ. ಮಡಿಕೆಯ ಗೆರೆ ಕಣ್ಣಿಗೆ ಕಂಡು ಬೆರಳಿಗೆ ಸಿಗದಿದ್ದರೆ ಅದು ಮಡಿಕೆಯ ಫೋಟೋ! ನಿಜವಾದ ಮಡಿಕೆಯಲ್ಲಿ ಶಾಯಿ ಬಿರಿದು ಒಳಗಿನ ಬಿಳಿ ಇಣುಕುತ್ತದೆ. ನೇರಳಾತೀತ ಟಾರ್ಚ್ ಹಿಡಿದು ಕಾಗದ ನೀಲಿ ಹೊಳೆದರೆ ನಕಲಿ ಅನ್ನುವ ಮಾತು ಅರ್ಧ ಸತ್ಯ. ಬಿಳುಪುಕಾರಕ ರಾಸಾಯನಿಕ 1950ರ ದಶಕದಿಂದಲೇ ಕಾಗದಕ್ಕೆ ಸೇರುತ್ತಿತ್ತು. 1956ರದು ಜೋರಾಗಿ ಹೊಳೆದರೆ ಅನುಮಾನಿಸಿ, 1972ರದು ಹೊಳೆದರೆ ಏನೂ ತೀರ್ಮಾನಿಸಬೇಡಿ.

ಇಡೀ ಪೋಸ್ಟರ್ ನೀಲಿಗೆ ತಿರುಗಿದ್ದರೆ ಅದು ಅಂಗಡಿಯ ಕಿಟಕಿಯಲ್ಲಿ ಬಿಸಿಲು ತಿಂದದ್ದು. ಹಳದಿ, ಮೆಜೆಂಟಾ ಮೊದಲು ಹಾರುತ್ತವೆ, ನೀಲಿ ಉಳಿಯುತ್ತದೆ. ಅದನ್ನು ‘ಅಪರೂಪದ ನೀಲಿ ಆವೃತ್ತಿ’ ಅಂತ ಮಾರುವವರ ಧೈರ್ಯಕ್ಕೆ ಮಾತ್ರ ಮೆಚ್ಚಬೇಕು. ಪಿನ್ನಿನ ತೂತು, ಥಿಯೇಟರಿನ ಮೊಹರು ಇವು ದೋಷವೇ ಅಲ್ಲ, ಕಾಗದ ಕೆಲಸ ಮಾಡಿದೆ ಅನ್ನುವ ಗುರುತು. ಸೆಲ್ಲೋಟೇಪ್ ಮಾತ್ರ ಶನಿ. ಅದರ ಅಂಟು ಕಂದಾಗಿ ಕಾಗದದೊಳಕ್ಕೆ ಇಳಿದ ಮೇಲೆ ಟೇಪ್ ಕಿತ್ತರೂ ಕಲೆ ಹೋಗದು. ಲ್ಯಾಮಿನೇಶನ್ ಮತ್ತು ಬಿಸಿ ಅಂಟಿನ ಡ್ರೈ ಮೌಂಟ್ ಎರಡೂ ಹಿಂದಿರುಗಲಾಗದ ದಾರಿ.

ಫ್ರೇಮಿನೊಳಗೆ ಗಾಜು ಪೋಸ್ಟರಿಗೆ ತಾಗಬಾರದು. ನಡುವೆ 5 ಮಿಲಿಮೀಟರ್ ಅಂತರದ ಪಟ್ಟಿ ಇಲ್ಲವೇ ಮೌಂಟ್ ಬೋರ್ಡ್ ಕೊಡಿ, ಇಲ್ಲವಾದರೆ ತೇವಕ್ಕೆ ಶಾಯಿ ಗಾಜಿಗೇ ಅಂಟುತ್ತದೆ. ಮಂಗಳೂರು, ಕುಂದಾಪುರ ಕಡೆಯವರು ಜೂನಿಂದ ಸೆಪ್ಟೆಂಬರ್ ತನಕ ಗೋಡೆಗೆ ಹಾಕದಿರುವುದೇ ಕ್ಷೇಮ. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಸ್ಟು ಶುರು, ಕರಾವಳಿಯ ಮಳೆಗಾಲದಲ್ಲಿ ಅದು 85ರ ಮೇಲೇ ಇರುತ್ತದೆ. ಆಮ್ಲರಹಿತ ಫೋಲ್ಡರ್, ಪಾಲಿಯೆಸ್ಟರ್ ಕವರ್, ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್, ಒಳಗೊಂದು ಅಗ್ಗದ ತೇವಮಾಪಕ. ಜೆಲ್ ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಿ. ಪಿವಿಸಿ ಕವರ್ ಬೇಡ. ನುಸಿಗುಳಿಗೆ ತೇವಕ್ಕೆ ಮದ್ದಲ್ಲ.

ಸಿನಿಮಾವನ್ನೇ ಕೊಳ್ಳುವವರಿಗೆ ಒಂದೇ ಮಾತು: ಜಪಾನಿನ ಬ್ಲೂ-ರೇ ‘ಎ’ ವಲಯದ್ದು, ನಮ್ಮಲ್ಲಿ ‘ಸಿ’. ಡಿವಿಡಿಯಲ್ಲಿ ಅವರದು 2, ನಮ್ಮದು 5. ಎಲ್ಲ ವಲಯ ಓಡಿಸುವ ಪ್ಲೇಯರ್ ಇಲ್ಲದೆ ಡಿಸ್ಕ್ ತರಿಸಿ ಆಮೇಲೆ ನನಗೆ ಮೆಸೇಜ್ ಹಾಕಬೇಡಿ.

ಇನ್ನು ರೀಲ್ಸಿನ ಮಹಾಶಯರಿಗೆ. ಈ ಬರಹ ಸುತ್ತಿ ಸುತ್ತಿ ನಿಮ್ಮ ಕೈಗೂ ಬರುತ್ತದೆ, ಗೊತ್ತು. ಕೊಯ್ದ ಪಟ್ಟಿಗಳು ಇನ್ನೂ ಕಸದ ಬುಟ್ಟಿಯಲ್ಲೇ ಇದ್ದರೆ ಮೊದಲು ತೆಗೆದಿಡಿ. ಮಡಿಸಬೇಡಿ, ಟೇಪ್ ಹಚ್ಚಬೇಡಿ, ಎರಡು ಆಮ್ಲರಹಿತ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಕಾಗದ ರಕ್ಷಣೆ ಬಲ್ಲವರು ಅದನ್ನು ಮತ್ತೆ ಜೋಡಿಸಬಲ್ಲರು. ಮೊದಲು ಮೂಲೆಯಲ್ಲಿ ಒಂದು ಹನಿ ನೀರು ಹಾಕಿ ಒತ್ತುಕಾಗದ ಇಟ್ಟು ನೋಡುತ್ತಾರೆ. ಆಫ್‌ಸೆಟ್ ಶಾಯಿ ಕದಲದು, ಥಿಯೇಟರಿನ ಮೊಹರು ಮಾತ್ರ ಹರಿಯಬಹುದು. ಆಮೇಲೆ ಹಿಂಬದಿಗೆ ಕೊಝೊ ಗಿಡದ ನಾರಿನ ತೆಳು ಜಪಾನೀ ಕಾಗದ ಕೊಟ್ಟು ಅಂಟಿಸುತ್ತಾರೆ. ಅಂಟು ಗೋಧಿಯ ಪಿಷ್ಟದ್ದು: ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡದೆ ತಿರುವಿ, ತಣಿದ ಮೇಲೆ ಜರಡಿ ಹಿಡಿದು, ಕೆನೆಯಷ್ಟು ತೆಳ್ಳಗೆ ಮಾಡಿದ್ದು. ನೀವೇ ಮಾಡಲು ಹೋಗಿ ನಮ್ಮೂರ ಸಿನಿಮಾ ಪೋಸ್ಟರಿಗೆ ಹಚ್ಚುವ ಮೈದಾ ಗಂಜಿ ಬಳಿದೀರಿ ಮತ್ತೆ. ಮೈದಾದ ಜಿಗುಟು ಒಣಗಿದರೆ ಗಡುಸಾಗಿ ಕಾಗದ ಸೆಳೆಯುತ್ತದೆ, ಹುಳಕ್ಕೂ ಅದು ಹಬ್ಬದೂಟ. ಜೋಡಿಸಿದ ಗೆರೆ ಕೊನೆವರೆಗೂ ಕಾಣುತ್ತದೆ. ಆದರೆ ದಾಯ್‌ನಿಚಿಯ ಹೆಸರು ಮರಳಿ ಅದರ ಜಾಗಕ್ಕೆ ಬರುತ್ತದೆ. ಫ್ರೇಮ್ ಮಾತ್ರ 515 × 728ಕ್ಕೆ ಒಂಚೂರು ಸಡಿಲ ಬಿಟ್ಟು ಮಾಡಿಸಿ, ಸ್ವಾಮಿ.